ಎರಡೂ ಎಡಗಡೆಯ ಬಾಗಿಲು

ಇದನ್ನು ಬರೆಯಲು ಕೂತು ಮೂರು ಸಲ ಎದ್ದು ಹೋಗಿದ್ದೇನೆ. ಒಂದು ಸಲ ಕನ್ನಡಕ ಹುಡುಕುವ ನೆಪ, ಇನ್ನೊಂದು ಸಲ ಹಸುವಿಗೆ ನೀರಿಡುವ ನೆಪ, ಮೂರನೆಯ ಸಲ ನೆಪವೂ ಸಿಗದೆ ಸುಮ್ಮನೆ ಎದ್ದೆ. ಕೂತಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಆಕೆಯ ಬಲಗೈ ಹೆಬ್ಬೆರಳು. ರೆಕ್ಸಿನ್ ಎಳೆದೆಳೆದು ಅದರ ತುದಿ ಚಪ್ಪಟೆಯಾಗಿ ಹಿಂದಕ್ಕೆ ಬಾಗಿತ್ತು. ಉಗುರಿನ ಸುತ್ತ ಅಂಟು ಒಣಗಿ ಹಳದಿ ಸಿಪ್ಪೆ ಎದ್ದಿರುತ್ತಿತ್ತು. ಮಾತಾಡುವಾಗ ಆ ಸಿಪ್ಪೆ ಕೀಳುತ್ತಾ ಕೂರುವುದು ಆಕೆಯ ಅಭ್ಯಾಸ.

ಆಕೆ ನಮ್ಮ ಎದುರುಮನೆಯವಳು. ರಾಮನಗರದಿಂದ ಕೈಲಾಂಚದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಮನೆಗಳು ಮುಖಾಮುಖಿ. ಗಂಡ ಪೇಟೆಯಲ್ಲಿ ಕಾರು, ಟ್ರಾಕ್ಟರುಗಳ ಸೀಟು ಹೊಲಿಯುವ ಕುಶನ್ ಅಂಗಡಿ ಇಟ್ಟಿದ್ದ. ಅವನು ತೀರಿಕೊಂಡ ಮೇಲೆ ಆಕೆ ಅಂಗಡಿ ಖಾಲಿ ಮಾಡಿ, ಆ ಭಾರದ ಹೊಲಿಗೆ ಮಿಷನ್ನನ್ನು ಲಗೇಜ್ ಆಟೋದಲ್ಲಿ ತಂದು ಜಗುಲಿಯ ಮೇಲೆ ಇಳಿಸಿಕೊಂಡಳು. ಬೀದಿಯ ಹೆಂಗಸರು ನಕ್ಕರು. "ರವಿಕೆ ಹೊಲಿಯೋದ್ ಬುಟ್ಟು ಟ್ರಾಕ್ಟರ್ ಸೀಟ್ ಹೊಲೀತೀಯೇನೇ?" ಎಂದರು. ಆಕೆಯೂ ಜೊತೆಗೆ ನಕ್ಕಳು. "ಟ್ರಾಕ್ಟರು ತೋಳು ಬಿಗಿ ಆಯ್ತು, ಕತ್ತು ಸಡಿಲ ಆಯ್ತು ಅಂತ ವಾಪಸ್ ತರಲ್ಲ ಕಣ್ರವ್ವ" ಎಂದಳು. ನನ್ನನ್ನು ಅಣ್ಣ ಎನ್ನುತ್ತಿದ್ದಳು. ನಾನು ತಂಗಿ ಎನ್ನುತ್ತಿದ್ದೆ.

ನನ್ನದು ಆಗ ಒಂದು ಹಳೆಯ ಅಂಬಾಸಿಡರ್. ರಾಮನಗರದ ಟ್ರಾವೆಲ್ಸ್ ಯಜಮಾನರೊಬ್ಬರು ನನಗೆ ಮದುವೆ ಬಾಡಿಗೆಗಳನ್ನು ಕೊಡಿಸುತ್ತಿದ್ದರು. ಮಳೆನೀರು ಇಳಿದು ಮುಂದಿನ ಎರಡೂ ಬಾಗಿಲುಗಳ ಒಳಮೈಗೆ ಹೊದಿಸಿದ ಹಲಗೆ, ಅಂದರೆ ಡೋರ್ ಪ್ಯಾಡ್, ಕೊಳೆತಿತ್ತು. ಕೂತವರ ಮೊಣಕೈಗೆ ಹಲಗೆಯ ಹಿಟ್ಟು ಹತ್ತುತ್ತಿತ್ತು. ಯಜಮಾನರು ಗದರಿದರು. "ಮದುವೆ ಮನೆಯವ್ರ ರೇಷ್ಮೆ ಸೀರೆಗೆ ಇದು ಹತ್ತಿದ್ರೆ ನನ್ ಮರ್ಯಾದೆ ಏನ್ಲಾ ಆಗ್ಬೇಕು?"

ಎದುರುಮನೆಯ ತಂಗಿಗೆ ಹೇಳಿದೆ. "ಅಂಗಡಿಗ್ಯಾಕೆ ಕೊಟ್ಟೀಯಣ್ಣ? ನಿಮ್ಮನೆ ಅಂಗಳದಲ್ಲೇ ಮಾಡಾನ. ನೀನೂ ಒಸಿ ಕಲ್ತ್ಕೋ" ಎಂದಳು. ಇದನ್ನು ಕೇಳಿದ ಯಜಮಾನರು, ಕೆಲಸ ಚೆನ್ನಾಗಿ ಬಂದರೆ ತಮ್ಮ ಮೂರು ಕಾರುಗಳನ್ನೂ ಆಕೆಗೇ ಕೊಡುತ್ತೇನೆ ಎಂದರು. ಆ ಮಾತು ಮುಟ್ಟಿಸಿದಾಗ ಆಕೆ ಬೆರಳು ಮಡಿಸಿ ಎಣಿಸಿದಳು. "ಮೂರು ಕಾರು ಅಂದ್ರೆ ಹನ್ನೆರಡು ಬಾಗ್ಲು ಕಣಣ್ಣ! ಆಮ್ಯಾಕೆ ನಾನೂ ಒಂದು ಬೋರ್ಡ್ ನೇತಾಕ್ಬುಡ್ತೀನಿ." ಅಂದೇ ಜಗುಲಿಯ ಮೇಲಿದ್ದ ಹರಕು ಟ್ರಾಕ್ಟರ್ ಸೀಟುಗಳನ್ನೆಲ್ಲ ಒಳಗೆ ಸಾಗಿಸಿ ಜಾಗ ಮಾಡಿದಳು.

ಆಕೆ ಕಲಿಸುವ ರೀತಿಯೇ ಚೆಂದ. ಹಳೆಯ ಪ್ಯಾಡನ್ನು ಹೊಸ ಹಾರ್ಡ್‌ಬೋರ್ಡಿನ ಮೇಲಿಟ್ಟು ಗೆರೆ ಎಳೆದು ಕೊಯ್ಯಬೇಕು. ಅದರ ಮೇಲೆ ತೆಳು ಸ್ಪಂಜು, ಸ್ಪಂಜಿನ ಮೇಲೆ ರೆಕ್ಸಿನ್. ರೆಕ್ಸಿನ್ನನ್ನು ಬಿಸಿಲಿಗೆ ಹಾಕಿ ಮೆತ್ತಗಾದ ಮೇಲೆ ಎಳೆದು ಹಿಂದಕ್ಕೆ ಮಡಿಸಬೇಕು. ಅಂಟು ಬಳಿದ ಕೂಡಲೇ ಒತ್ತಬಾರದು. "ಮುಟ್ಟಿದ್ರೆ ಅಂಟಬಾರ್ದು, ಒತ್ತಿದ್ರೆ ಬುಡಬಾರ್ದು. ಅಲ್ಲೀಗಂಟ ಕೈ ಕಟ್ಕೊಂಡ್ ಕೂತ್ಕೋ" ಎನ್ನುತ್ತಿದ್ದಳು. ನನಗೆ ಬಾರದ ವಿದ್ಯೆಯೆಂದರೆ ಅದೊಂದೇ, ಕೈ ಕಟ್ಟಿ ಕೂರುವುದು.

ಆಕೆಗೆ ಓದು ಬರಹ ಬಾರದು. ಹಾಗಾಗಿ ಹಲಗೆಯ ಹಿಂಬದಿಗೆ ಸೀಮೆಸುಣ್ಣದಲ್ಲಿ ಒಂದು ಪಕ್ಕಕ್ಕೆ ತಿರುಗಿದ ಮುಖ ಬರೆಯುತ್ತಿದ್ದಳು. ಅದರ ಮೂಗು ಕಾರಿನ ಮುಂಭಾಗದ ಕಡೆ ಇರಬೇಕು. "ಎರಡೂ ಹಲಗೆ ಅಕ್ಕಪಕ್ಕ ಮಲಗ್ಸು. ಹೆಣ್ಣೂ ಗಂಡೂ ಎದುರುಬದ್ರು ನೋಡ್ಕಂಡಂಗೆ ಇರ್ಬೇಕು. ಎರಡೂ ಒಂದೇ ಕಡೆ ನೋಡ್ತಿದ್ರೆ ಕೆಟ್ಟೋಯ್ತು ಅಂತ ತಿಳ್ಕೋ." ಎಡಗಡೆಯ ಹಲಗೆ ಕೊಯ್ದು ಮುಖ ಬರೆದಿಟ್ಟು, ತನ್ನ ತಂಗಿಯ ಮಗಳ ಸೀಮಂತಕ್ಕೆಂದು ತಿಪ್ಪಸಂದ್ರಕ್ಕೆ ಎರಡು ದಿನ ಹೊರಟಳು. "ನಾನು ಬರಗಂಟ ಅಂಟಿನ ಡಬ್ಬಿ ಮುಚ್ಚಳ ತೆಗೀಬ್ಯಾಡ" ಎಂದೂ ಹೇಳಿ ಹೋದಳು.

ಬಸ್ಸು ಮರೆಯಾಗುವ ಮೊದಲೇ ನಾನು ಮುಚ್ಚಳ ತೆಗೆದೆ. ಎಸ್ಸೆಸ್ಸೆಲ್ಸಿ ಪಾಸಾದವನು ಹಲಗೆಗೆ ಮೂಗು ಬರೆಯುತ್ತಾ ಕೂರುವುದೇ? ಬಲಗಡೆಯ ಹಳೆಯ ಪ್ಯಾಡು ಪುಡಿಯಾಗಿತ್ತು. ಎಡಗಡೆಯದನ್ನೇ ಅಳತೆಗಿಟ್ಟು ಎರಡನೆಯದನ್ನೂ ಕೊಯ್ದೆ. ಮಗುಚಿ ಅಂಟಿಸಬೇಕೆಂಬುದು ನೆನಪಾಗಲಿಲ್ಲ. ಸಂಜೆಗೆ ಸೊಗಸಾದ ಎರಡು ಪ್ಯಾಡುಗಳು ತಯಾರಾದವು. ಎರಡೂ ಎಡಗಡೆಯವು. ಬಲಬಾಗಿಲಿನಲ್ಲಿ ಗಾಜು ಏರಿಸುವ ಹ್ಯಾಂಡಲಿನ ತೂತು ಹಿಂದಕ್ಕೆ ಬಂತು. ಹೊಸ ತೂತು ಕೊರೆದು, ಹಳೆಯದಕ್ಕೆ ರೆಕ್ಸಿನ್ ತುಂಡು ಅಂಟಿಸಿ ಮುಚ್ಚಿದೆ. ಮೂಲೆಯಂತೂ ಬಾಯಿ ತೆರೆದೇ ಇತ್ತು.

ಮರುದಿನ ಸ್ಟ್ಯಾಂಡಿನಲ್ಲಿ ಯಜಮಾನರು ಬಾಗಿಲು ತೆಗೆದು ನೋಡಿದರು. "ಏನ್ಲಾ ಇದು, ಡೋರ್‌ಗೆ ಗಾಯ ಆಗಿತ್ತಾ? ಪಟ್ಟಿ ಹಾಕಿದೀಯಲ್ಲ!" ಎಲ್ಲ ಡ್ರೈವರುಗಳೂ ನಕ್ಕರು. ನನ್ನ ಬಾಯಿಂದ ತಟ್ಟನೆ ಬಂತು: "ನಂದಲ್ಲ ಯಜಮಾನ್ರೇ, ಎದುರುಮನೆ ಹೆಂಗಸಿನ ಕೈಗೆ ಕೊಟ್ಟಿದ್ದೆ, ಹಿಂಗ್ ಮಾಡವ್ಳೆ."

"ಸರಿ ಬುಡು. ನನ್ ಕಾರು ಕನಕಪುರದ ಕುಶನ್ ಅಂಗಡಿಗೇ ಕಳುಸ್ತೀನಿ" ಎಂದರು ಅವರು.

ಆ ಮಾತು ನನಗಿಂತ ಬೇಗ ನಮ್ಮ ಬೀದಿ ತಲುಪಿತು. ತಿಪ್ಪಸಂದ್ರದಿಂದ ಬಂದವಳು ಬ್ಯಾಗನ್ನೂ ಇಳಿಸದೆ ನೇರ ನಮ್ಮ ಅಂಗಳಕ್ಕೆ ಬಂದಳು. ಬಾಗಿಲು ತೆಗೆದು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಣ್ಣ, ಇದು ನನ್ನ ಕೈಕೆಲ್ಸ ಅಂದ್ಯಂತೆ?"

"ಯಾರ್ ಹೇಳಿದ್ದು? ನಾನ್ಯಾಕೆ ಹಂಗಂದೇನು" ಎಂದೆ.

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಆಕೆಗೆ ನಗು ತಡೆಯಲಾಗಲಿಲ್ಲ. "ಎರಡೂ ಎಡಗಡೆ ಬಾಗ್ಲಿರೋ ಕಾರು ನಮ್ಮ ಜಿಲ್ಲೇಲೇ ನಿಂದೊಂದೇ ಕಣಣ್ಣ! ಕಿತ್ತಾಕು. ಹೊಸ ಹಲಗೆ ತತ್ತಾ."

"ಬುಡು ತಂಗಿ, ನಿಂಗ್ಯಾಕೆ ತೊಂದ್ರೆ?"

"ನೋಡ್ದೋರೆಲ್ಲ ನನ್ನ ಕೈ ಅಂದ್ಕಂಡವ್ರಲ್ಲ. ಅಂದ್ಮೇಲೆ ನನ್ನ ಕೈ ಇದ್ದಂಗೆ ಇರ್ಬೇಕು."

ಒಂದೇ ದಿನದಲ್ಲಿ ಮಾಡಿ ಮುಗಿಸಿದಳು. ಕಂದು ರೆಕ್ಸಿನ್, ನಡುವೆ ಕೆನೆಬಣ್ಣದ ಪಟ್ಟಿ, ಪಟ್ಟಿಯ ಮೇಲೆ ಓರೆ ಚೌಕದ ಹೊಲಿಗೆ. ಎಲ್ಲೂ ಒಂದು ಸುಕ್ಕಿಲ್ಲ. ಸ್ಟೀಲಿನ ಚಮಚದ ಬೆನ್ನಿನಿಂದ ಅಂಚು ತೀಡುತ್ತಾ, "ಸುಕ್ಕು ನಮ್ ಮೊಕಕ್ಕೆ ಬರ್ಲಿ, ಪ್ಯಾಡಿಗೆ ಬರಬಾರ್ದು" ಎಂದು ನಗುತ್ತಿದ್ದಳು.

ನಾನು ಬರೆಯಲು ಹೆದರಿದ್ದು ಇನ್ನು ಮುಂದಿನದನ್ನು. ಎರಡು ದಿನದ ಮೇಲೆ ಯಜಮಾನರು ಬಾಗಿಲ ಮೇಲೆ ಕೈಯಾಡಿಸಿ ಬೆರಗಾದರು. "ಯಾರ್ಲಾ ಮಾಡಿದ್ದು ಇದ?" ಅವರ ಕಾರುಗಳು ಆಗಿನ್ನೂ ಕನಕಪುರಕ್ಕೆ ಹೋಗಿರಲಿಲ್ಲ. ಸುತ್ತ ಅವೇ ಡ್ರೈವರುಗಳು ನಿಂತಿದ್ದರು, ಮೊನ್ನೆ ನಕ್ಕವರು.

"ನಾನೇ. ಕೂತ್ಕಂಡು ಸರಿ ಮಾಡ್ದೆ" ಎಂದೆ.

"ಹಂಗಾದ್ರೆ ಆ ಹೆಂಗಸಿಗಿಂತ ನೀನೇ ವಾಸಿ" ಎಂದರು ಯಜಮಾನರು. ಆ ವಾರವೇ ಕಾರುಗಳು ಕನಕಪುರಕ್ಕೆ ಹೋದವು.

ಯಜಮಾನರು ಬಾಗಿಲು ನೋಡಿದ ದಿನವೇ ಸಂಜೆ ಆಕೆ ಜಗುಲಿಯಿಂದಲೇ ಕೂಗಿ ಕೇಳಿದಳು. "ಯಜಮಾನ್ರು ಏನಂದ್ರಣ್ಣ?"

"ಚೆನ್ನಾಗೈತೆ ಅಂದ್ರು."

"ಅಷ್ಟೇನಾ?"

"ಅಷ್ಟೇ."

ಮೂರು ಕಾರಿಗೆಂದು ಖಾಲಿ ಮಾಡಿದ್ದ ಜಾಗಕ್ಕೆ ಟ್ರಾಕ್ಟರ್ ಸೀಟುಗಳು ಒಂದೊಂದಾಗಿ ವಾಪಸು ಬಂದವು. ಬೋರ್ಡಿನ ಮಾತು ಮತ್ತೆ ಬರಲಿಲ್ಲ. ಆಕೆಯ ನಗು ಮಾತ್ರ ನಿಲ್ಲಲಿಲ್ಲ. ಮುಂದೆ ಎಷ್ಟೋ ವರ್ಷ, ನಾನು ಕಾರು ಹೊರಗೆ ತೆಗೆಯುವಾಗ, "ಅಣ್ಣೋ, ಬಲಗಡೆ ಯಾವ್ದು ಅಂತ ಗೊತ್ತೈತಾ?" ಎಂದು ಕೂಗುತ್ತಿದ್ದಳು. ನಾನೂ ನಗುತ್ತಿದ್ದೆ. ನಗುವಾಗಲೇ ಹೇಳಿಬಿಡಬಹುದಿತ್ತು. ನಾಳೆ ಎಂದುಕೊಳ್ಳುತ್ತಿದ್ದೆ.

ಹೋದ ವರ್ಷ ಜ್ವರ ಎಂದು ಮಲಗಿದವಳು ಏಳಲಿಲ್ಲ. ಹದಿನೊಂದನೆಯ ದಿನದ ಕಾರ್ಯ ಮುಗಿಸಿ ನಾನು ನೇರ ಯಜಮಾನರ ಮನೆಗೆ ಹೋದೆ. ಅವರಿಗೂ ವಯಸ್ಸಾಗಿದೆ, ಕಾರುಗಳೆಲ್ಲ ಮಾರಿಹೋಗಿವೆ. ಕೆಟ್ಟದ್ದು ಮಾಡಿದ್ದು ನಾನು, ಒಳ್ಳೆಯದು ಮಾಡಿದ್ದು ಆಕೆ ಎಂದು ಎಲ್ಲವನ್ನೂ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಕೇಳಿದರು: "ಆಯಮ್ಮಂಗೆ ಹೇಳಿದ್ಯೇನ್ಲಾ?"

ಇಲ್ಲ ಎಂದು ತಲೆಯಾಡಿಸಿದೆ. ಯಜಮಾನರಿಗೆ ಹೇಳಿದೆ, ಮನೆಯವಳಿಗೆ ಹೇಳಿದೆ, ಈಗ ಓದುತ್ತಿರುವ ನಿಮಗೂ ಹೇಳಿದೆ. ತಪ್ಪಾಯ್ತು ಎಂಬ ಮಾತು ಸಲ್ಲಬೇಕಾಗಿದ್ದದ್ದು ಒಬ್ಬಳಿಗೇ, ನನ್ನ ಎದುರುಮನೆಯ ತಂಗಿಗೆ.