ವಾಸಣ್ಣನ ಕೊಪ್ಪರಿಗೆಗೆ ನಾನು ಹಾಕಿದ ಕಲಾಯಿ

ಆ ಕೊಪ್ಪರಿಗೆಯ ತಳಕ್ಕೆ ಕಲಾಯಿ ಹಿಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಟೆಲಿಗೆ ಕೊಟ್ಟೆ — ಆಮೇಲೆ ತಪ್ಪನ್ನು ವಾಸಣ್ಣನ ತಲೆಗೆ ಕಟ್ಟಿದೆ.

ಐವತ್ತರ ದಶಕದಲ್ಲಿ ನಾನು ಬಾಂದ್ರಾ ಸ್ಟೇಷನ್ನಿನ ಹತ್ತಿರ, ಒಂದು ಚಾಳಿನ ಹಿಂದೆ, ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದೆ. ತಿದಿ ಒತ್ತಿ ಪಾತ್ರೆ ಕಾಯಿಸುವುದು, ನವಸಾಗರದ ಪುಡಿ ಉಜ್ಜುವುದು, ಕರಗಿದ ತವರವನ್ನು ಹತ್ತಿಯಿಂದ ಒಳಗೆಲ್ಲ ಹರಡುವುದು — ದಿನವಿಡೀ ಅದೇ ಕೆಲಸ. ಆ ತೆಳು ಬಿಳಿ ಪದರ ಇಲ್ಲದ ಕಡೆ ಹುಳಿ ತಗಲಿದರೆ ಕಿಲುಬು ಬಿಡುತ್ತದೆ. ಉಂಡವರಿಗೆ ಅದು ವಿಷ. ವಾಸಣ್ಣ ಪಕ್ಕದ ಉಡುಪಿ ಹೋಟೆಲಿನ ಅಡುಗೆಯವನು, ನನ್ನ ಊರಿನವನು. ಅಲ್ಲಿಯ ಪಾತ್ರೆಗಳ ಕೆಲಸ ಕೊಡಿಸಿದ್ದು ಅವನೇ. ನನಗೆ ಹೆಣ್ಣು ಹುಡುಕಿದ್ದೂ ಅವನೇ.

ಹೆಣ್ಣು ನೋಡಲು ಚೆಂಬೂರಿಗೆ ಹೋಗಬೇಕಾಗಿದ್ದ ಭಾನುವಾರ ಅದು. ಕೊನೆಯ ಕೊಪ್ಪರಿಗೆ ಮಾತ್ರ ಉಳಿದಿತ್ತು. ತಳದಲ್ಲಿ ಅಂಗೈಯಗಲ ಜಾಗಕ್ಕೆ ತವರ ಹಿಡಿಯಲೇ ಇಲ್ಲ. ಮತ್ತೆ ಉಜ್ಜಿ, ಮತ್ತೆ ಕಾಯಿಸಬೇಕಿತ್ತು — ಒಂದು ಗಂಟೆಯ ಕೆಲಸ. ಅಷ್ಟರಲ್ಲಿ ವಾಸಣ್ಣ ಬಂದ.

"ಇನ್ನೂ ಮುಗಿಯಲಿಲ್ಲವಾ ಶೀನ? ಹೆಣ್ಣಿನ ಕಡೆಯವರು ಎಷ್ಟು ಹೊತ್ತು ಕಾಯುವುದು ಮಾರಾಯ?"

"ಮುಗಿಯಿತು ವಾಸಣ್ಣ, ತೆಗೆದುಕೊಂಡು ಹೋಗು" ಎಂದೆ. ಅವನು ಒಳಗೆ ಬಗ್ಗಿ ಕೂಡ ನೋಡಲಿಲ್ಲ. ನಾನು ಕೈಯ ಮಸಿ ತೊಳೆದು ಚೆಂಬೂರಿಗೆ ಹೋದೆ. ಸುಮತಿಯನ್ನು ನೋಡಿದೆ, ಒಪ್ಪಿದೆ.

ಮರುದಿನ ಮಧ್ಯಾಹ್ನ ಆ ಹೋಟೆಲಿನಲ್ಲಿ ಉಂಡವರು ಸಾಲಾಗಿ ವಾಂತಿ ಮಾಡಿಕೊಂಡರು. ಒಬ್ಬ ಮುದುಕರು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಬದುಕಿದರು — ಆದರೆ ಅದರಲ್ಲಿ ನನ್ನ ಪುಣ್ಯವೇನೂ ಇಲ್ಲ.

ಹೋಟೆಲಿನ ಧಣಿ ನನ್ನನ್ನು ಕರೆಸಿ ಕೊಪ್ಪರಿಗೆಯನ್ನು ಬೆಳಕಿಗೆ ವಾಲಿಸಿದರು. ತಳದಲ್ಲಿ ಹಿತ್ತಾಳೆ ಹಳದಿಯಾಗಿ ಕಾಣುತ್ತಿತ್ತು. ಪಕ್ಕದಲ್ಲಿ ವಾಸಣ್ಣ ನಿಂತಿದ್ದ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಸುದ್ದಿ ಚೆಂಬೂರಿಗೂ ಮುಟ್ಟುತ್ತದೆ ಎಂದು ಹೆದರಿದೆನೋ — ಇಲ್ಲ, ಅಷ್ಟೆಲ್ಲ ಯೋಚಿಸಲು ಹೊತ್ತೇ ಇರಲಿಲ್ಲ. ಮಾತು ತಾನಾಗಿಯೇ ಬಂತು.

"ನಾನು ಸರಿಯಾಗಿಯೇ ಹಾಕಿದ್ದೇನೆ ಧಣಿ. ಮರಳು ಹಾಕಿ ತಿಕ್ಕಿದರೆ ಕಲಾಯಿ ಹೇಗೆ ಉಳಿಯುತ್ತದೆ?"

ವಾಸಣ್ಣ ನನ್ನ ಮುಖ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ.

"ನಾರಿನಲ್ಲೇ ತಿಕ್ಕಿದ್ದು ಧಣಿ" ಎಂದ ಮೆಲ್ಲಗೆ. "ಗಟ್ಟಿ ತಿಕ್ಕಿಹೋಯಿತೋ ಏನೋ..."

ತನ್ನ ಕೈಗಿಂತ ನನ್ನ ಮಾತನ್ನು ಹೆಚ್ಚು ನಂಬಿದ. ಅವತ್ತೇ ಅವನ ಕೆಲಸ ಹೋಯಿತು. ಸುದ್ದಿ ಹಬ್ಬಿದ ಮೇಲೆ ಬೇರೆ ಯಾವ ಹೋಟೆಲಿನವರೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಕೊನೆಗೆ ವಿಕ್ರೋಳಿಯ ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್ ಆದ. ನನ್ನ ಮದುವೆಗೆ ಬಂದು, ಎಲ್ಲರಿಗಿಂತ ಮುಂದೆ ನಿಂತು ಓಡಾಡಿದ. ಅಡುಗೆಯ ಕಡೆಗೆ ಮಾತ್ರ ಸುಳಿಯಲಿಲ್ಲ.

ಹೋದ ವರ್ಷ ನನ್ನ ಮಗಳ ಮದುವೆ. ಅಡುಗೆಯವರು ಸಾರಿನ ಉಪ್ಪು ನೋಡಲು ಯಾರನ್ನೋ ಕೇಳಿದರು. ನಾನು ವಾಸಣ್ಣನ ಕೈಗೆ ಸೌಟು ಕೊಡಲು ಹೋದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಬೇಡ ಮಾರಾಯ. ಉಣ್ಣುವವರು ಇದ್ದಾರೆ. ನನ್ನ ಕೈ ಬೇಡ."

ನಾನು ಅವನಿಂದ ಏನು ಕಿತ್ತುಕೊಂಡೆ ಎಂಬುದು ಪೂರ್ತಿಯಾಗಿ ತಿಳಿದದ್ದು ಆಗಲೇ.

ಮೊನ್ನೆ ಸುಮತಿಗೆ ಎಲ್ಲವನ್ನೂ ಹೇಳಿದೆ. ಅವಳು, "ನನಗೆ ಯಾಕೆ ಹೇಳುತ್ತೀರಿ? ಹೇಳಬೇಕಾದವರು ವಿಕ್ರೋಳಿಯಲ್ಲಿದ್ದಾರೆ" ಎಂದು ಎದ್ದು ಹೋದಳು.

ನಾಳೆ ಬೆಳಿಗ್ಗೆ ಹೋಗುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ — ಕೇಳುವ ಮುಖ ನನಗಿಲ್ಲ. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ ವಾಸಣ್ಣ ಎಂದಷ್ಟೇ ಹೇಳುತ್ತೇನೆ. ಅವನ ಹೆಂಡತಿ ಮಕ್ಕಳೂ ಕೇಳುವ ಹಾಗೆ ಹೇಳುತ್ತೇನೆ.