ಕೂರದ ಜಲಜಕ್ಕ

ಜಲಜಕ್ಕ ಕೂತದ್ದನ್ನು ನಾನು ವರ್ಷಗಟ್ಟಲೆ ಕಂಡಿರಲಿಲ್ಲ. ಯಡ್ತರೆಯ ನಮ್ಮ ಮನೆಯ ಜಗಲಿಯಲ್ಲಿ ನನ್ನ ಹೊಲಿಗೆ ಮಷಿನು, ಪಕ್ಕದಲ್ಲಿ ಬಂದವರಿಗೆಂದು ಒಂದು ಬೆಂಚು. ಮೀನು ಮಾರಲು ಬರುತ್ತಿದ್ದ ಅವಳು ಬುಟ್ಟಿ ಇಳಿಸುತ್ತಿದ್ದುದು ಅಂಗಳದಲ್ಲಿ, ಬಂಗುಡೆ ಆರಿಸಿ ಕೊಡುತ್ತಿದ್ದುದು ಬಗ್ಗಿಕೊಂಡು, ಚಾ ಕುಡಿಯುತ್ತಿದ್ದುದು ಕಂಬಕ್ಕೆ ಭುಜ ಕೊಟ್ಟು ನಿಂತು. ನಿಂತರೂ ನಿಲ್ಲುವ ಜೀವವಲ್ಲ; ಎಡಗಾಲಿಂದ ಬಲಗಾಲಿಗೆ, ಮತ್ತೆ ಎಡಗಾಲಿಗೆ. ನೋಡುವ ನಮಗೇ ಕಾಲು ನೋಯಬೇಕು.

"ಕೂಕೋ ಮರಾಯ್ತಿ, ಬೆಂಚ್ ಎಂತ ಕಚ್ಚುತ್ತಾ?" ಎಂದರೆ, "ನಾನ್ ಕೂಕಂಡ್ರೆ ಮೀನ್ ತನ್ನಷ್ಟಕ್ಕೆ ಮನಿ ಮನಿಗೆ ಹೋತಾ ಹೆಣ್ಣೇ?" ಎನ್ನುತ್ತಿದ್ದಳು. ಬಾಯಿ ಬಲು ಜೋರು. ಸಿಕ್ಕಾಪಟ್ಟೆ ಚೌಕಾಶಿ ಮಾಡಿದ ನೆರೆಮನೆಯ ಮೇಷ್ಟ್ರಿಗೆ, "ಈ ರೇಟಿಗೆ ಮೀನಿನ ಪಟ ಕೊಡ್ತೆ, ಗ್ವಾಡಿಗೆ ನೇತಾಕಿ" ಎಂದವಳು.

ನನ್ನ ಹತ್ತಿರ ಲಂಗ ಹೊಲಿಸುವಾಗ ಮಾತ್ರ ದನಿ ತಗ್ಗುತ್ತಿತ್ತು. ಕಪ್ಪು ಬಟ್ಟೆಯೇ ಆಗಬೇಕು, ಹಿಂದುಗಡೆ ಇನ್ನೊಂದು ಪದರ ಇಡಬೇಕು. ಸುಡುಸುಡುವ ಸೆಕೆಯಲ್ಲೂ! ಅವಳ ಶೋಕಿ ಅವಳಿಗೆ ಎಂದುಕೊಂಡು ಹೊಲಿದು ಕೊಡುತ್ತಿದ್ದೆ.

ಒಂದು ಬೆಳಿಗ್ಗೆ ನಮ್ಮ ಅಂಗಳದಲ್ಲೇ ಕಣ್ಣು ಕತ್ತಲೆ ಬಂದು ಕುಸಿದಳು. ನಾನೂ ನನ್ನ ಅತ್ತೆಯೂ ಎತ್ತಿ ಬೆಂಚಿನ ಮೇಲೆ ಮಲಗಿಸಿದೆವು. ಎಚ್ಚರವಾದದ್ದೇ ತಡ, ದಡಬಡಿಸಿ ಎದ್ದು, ಮಲಗಿದ್ದ ಜಾಗವನ್ನು ಸೆರಗಿನಿಂದ ಉಜ್ಜತೊಡಗಿದಳು. ಬೆಂಚಿನ ತುಂಬ ರಕ್ತ. "ನೋಡ್ಬೇಡ ಹೆಣ್ಣೇ, ಒರ್ಸ್ತೆ, ಈಗ ಒರ್ಸ್ತೆ" ಎನ್ನುತ್ತ ಅಳುತ್ತಿದ್ದಳು. ಆ ಬಾಯಿಜೋರಿನ ಹೆಂಗಸು! ತಿಂಗಳಲ್ಲಿ ಅರ್ಧಕ್ಕರ್ಧ ದಿನ ಹೀಗೇ ರಕ್ತ ಹೋಗುತ್ತಿತ್ತಂತೆ. ಬಸ್ಸಿನ ಸೀಟಿಗೆ, ಮದುವೆ ಮನೆಯ ಕುರ್ಚಿಗೆ, ಯಾರದೋ ಜಗಲಿಗೆ ಕಲೆಯಾದೀತೆಂಬ ಹೆದರಿಕೆಯಲ್ಲಿ ಕೂರುವುದನ್ನೇ ಬಿಟ್ಟಿದ್ದಳು. ನನಗೆ ಸಂಕಟವಾಯಿತು, ಮೈಯೆಲ್ಲ ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಮಾತ್ರ ಗೊತ್ತಾಗಲಿಲ್ಲ.

ಕುಂದಾಪುರದ ಡಾಕ್ಟರಮ್ಮನ ಹತ್ತಿರ ನಾನೇ ಎಳೆದುಕೊಂಡು ಹೋದೆ. ಗರ್ಭಕೋಶದಲ್ಲಿ ಗಡ್ಡೆಗಳು, ಪುಣ್ಯಕ್ಕೆ ಕ್ಯಾನ್ಸರ್ ಅಲ್ಲ. ಮಾತ್ರೆ ನುಂಗಿದ್ದಾಯಿತು, ರಕ್ತ ನಿಲ್ಲಲಿಲ್ಲ. ಗರ್ಭಕೋಶ ತೆಗೆಸುವುದೇ ಒಳ್ಳೆಯದು ಎಂದರು. ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದ ಅವಳ ತಮ್ಮ ಅಲ್ಲಿಗೇ ಕರೆಸಿಕೊಂಡ. ಹಿಂದಿನ ಸಿಸೇರಿಯನ್ನಿನಿಂದ ಹೊಟ್ಟೆಯೊಳಗೆ ಕರುಳು ಅಲ್ಲಲ್ಲಿ ಅಂಟಿಕೊಂಡಿದೆ, ರೋಬೋಟ್ ಬಳಸಿ ಮಾಡೋಣ ಎಂದರಂತೆ ಅಲ್ಲಿಯ ಡಾಕ್ಟರು. ಜಲಜಕ್ಕ ಫೋನಿನಲ್ಲಿ ಹೌಹಾರಿದಳು.

"ಹ್ವಾಯ್, ಮಷಿನ್ ಕೊಯ್ತಂಬ್ರ್! ಡಾಕ್ಟ್ರ್ ಮೂಲಿಲಿ ಕೂಕಂಡ್ ಟೀವಿ ಕಾಂತ್ರಂಬ್ರ್! ನಾನ್ ಬತ್ತೆ ಊರಿಗೆ."

"ನಾನೂ ಕೂಕಂಡೇ ಹೊಲುದಲ್ದಾ? ನನ್ ಮಷಿನ್ ತನ್ನಷ್ಟಕ್ಕೆ ಹೊಲಿತಾ? ಕೈ ನಂದೇ. ಅಲ್ಲೂ ಕೈ ಡಾಕ್ಟ್ರದ್ದೇ."

"ನಿನ್ನಂಗೆ ದಿನಾ ಸೂಜಿ ಮುರೂದಿಲ್ಲೆ ಅಲ್ದಾ?" ಎಂದಳು. ಆಪರೇಷನ್ನಿನ ದಿನ ನನಗೆ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ಅಡುಗೆಮನೆಗೂ ಜಗಲಿಗೂ ಓಡಾಡಿದೆ. ಯಾರದೋ ರವಿಕೆಯ ತೋಳನ್ನು ತಿರುಗಾಮುರುಗಾ ಹೊಲಿದು ಬಿಚ್ಚಿದೆ. ಸಂಜೆ ಅವಳ ತಮ್ಮ ಫೋನು ಮಾಡಿ "ಎಲ್ಲ ಸಮಾ ಆಯ್ತ್" ಎಂದ ಮೇಲೆಯೇ ಉಸಿರು ಬಂದದ್ದು.

ಊರಿಗೆ ಬಂದವಳ ಹೊಟ್ಟೆಯ ಮೇಲೆ ಅಲ್ಲಲ್ಲಿ ಸಣ್ಣ ಗಾಯ, ಅಷ್ಟೇ. ಮೀನು ಮಾರುವವರ ಲೆಕ್ಕದಲ್ಲಿ ಅದು ಗಾಯವೇ ಅಲ್ಲ. ಮೀನಿನ ಮುಳ್ಳು ಅದಕ್ಕಿಂತ ಜೋರಾಗಿ ಚುಚ್ಚಿದ ದಿನವೂ ಬುಟ್ಟಿ ಹೊತ್ತವರು ಅವರು. ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿದ್ದನ್ನು ಗಾಳಿಗೆ ತೂರಿ, ಬಂದ ಕೆಲವೇ ದಿನಕ್ಕೆ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬಂದೇಬಿಟ್ಟಳು!

ಓಡಿಹೋಗಿ ಬುಟ್ಟಿ ಕಿತ್ತುಕೊಂಡೆ. "ನಿಂಗೆ ಮಂಡೆ ಸಮಾ ಇತ್ತಾ? ತೂತು ಸಣ್ಣದಾರೆ ಒಳ್ಗಿನ ಹೊಲಿಗೆಯೂ ಸಣ್ಣದಾ?" ಕಚ್ಚಾ ಹೊಲಿಗೆ ಹಾಕಿದ್ದ ಬಟ್ಟೆಯೊಂದನ್ನು ಅವಳ ಮುಖದೆದುರೇ ಜಗ್ಗಿದೆ. ಪರ್ರೆಂದು ಬಿಟ್ಟಿತು. ಜಲಜಕ್ಕನ ಮುಖ ಬಿಳಿಚಿತು.

"ಬೆಳಿಗ್ಗೆ ಒಂಚೂರ್ ರಕ್ತ ಕಂಡಿತ್ ಹೆಣ್ಣೇ" ಎಂದಳು.

ರಿಕ್ಷಾದಲ್ಲಿ ಕುಂದಾಪುರ ಮುಟ್ಟುವ ತನಕ ಅವಳು ಸೀಟಿನ ತುದಿಯಲ್ಲಿ ಅರ್ಧ ಎದ್ದುಕೊಂಡೇ ಇದ್ದಳು. ದೇವರು ದೊಡ್ಡವನು, ಹೊಲಿಗೆ ಬಿಟ್ಟಿರಲಿಲ್ಲ. ಡಾಕ್ಟರಮ್ಮ ಚೆನ್ನಾಗಿ ಉಗಿದು ಕಳಿಸಿದರು. ಅವತ್ತಿನ ಮೀನನ್ನು ನನ್ನ ಅತ್ತೆ ಕೇರಿಯವರಿಗೆಲ್ಲ ಮಾರಿ ಮುಗಿಸಿದ್ದರು.

ಜಲಜಕ್ಕ ಈಗಿಲ್ಲ. ಕೆಲವು ವರ್ಷ ಕಳೆದು, ಯಾವುದೋ ಜ್ವರ ಬಂದು ಹೋದಳು. ಅಷ್ಟರಲ್ಲಿ ನಾವು ಬ್ರಹ್ಮಾವರಕ್ಕೆ ಮನೆ ಬದಲಿಸಿದ್ದೆವು. ನಾನು ಅವಳನ್ನು ಕೊನೆಗೆ ಕಂಡದ್ದು ಬೈಂದೂರಿಗೆ ಹೋಗುವ ಬಸ್ಸಿನಲ್ಲಿ. ಕಾಲಿಡಲೂ ಜಾಗವಿಲ್ಲದ ರಶ್ಶು. ಕಂಬಿ ಹಿಡಿದು ಜೋಲಾಡುತ್ತಿದ್ದೆ.

"ಹ್ವಾಯ್ ಹೆಣ್ಣೇ!"

ಕಿಟಕಿ ಪಕ್ಕದ ಸೀಟಿನಲ್ಲಿ ತಿಳಿಹಳದಿ ಸೀರೆಯುಟ್ಟು, ಬೆನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಜಲಜಕ್ಕ ಕೂತಿದ್ದಳು. "ನಾನಂತೂ ಏಳುದಿಲ್ಲೆ ಮತ್ತೆ. ಬೇಕಾರೆ ನಿನ್ ಚೀಲ ಕೊಡ್, ತೊಡಿ ಮೇಲೆ ಇಟ್ಕಂತೆ" ಎಂದು ನಕ್ಕಳು. ಚೀಲ ಕೊಟ್ಟೆ.

ಅವಳು ಇಳಿಯುವ ಸ್ಟಾಪು ಬಂತು. ಕಂಡಕ್ಟರ್ ಕೂಗಿದ. ಅವಳು ಅಲುಗಲಿಲ್ಲ.

"ಜಲಜಕ್ಕ, ನಿನ್ ಸ್ಟಾಪ್!"

"ಗೊತ್ತಿತ್ತ್" ಎಂದಳು. "ಬೈಂದೂರ್ ತನಕ ಬತ್ತೆ. ಅಲ್ಲಿಂದ ವಾಪಸ್ ನಡ್ಕಂಡ್ ಹೋತೆ. ಇನ್ನೊಂಚೂರ್ ಹೊತ್ತ್ ಕೂಕಂತೆ."