ಫ್ಯಾನಿನ ಕೆಳಗಿನ ಅರ್ಥಶಾಸ್ತ್ರ

ಜಂಬ ಕೊಚ್ಚಿಕೊಳ್ಳುವುದು ಮೇಷ್ಟರಿಗೆ ಶೋಭಿಸುವುದಿಲ್ಲ ಎನ್ನುತ್ತಾರೆ. ಬೇರೆ ವೃತ್ತಿಯವರಿಗೆ ಅದಕ್ಕೆ ಬೇಕಾದಷ್ಟು ಅವಕಾಶವಿದೆ, ಮೇಷ್ಟರಿಗೆ ಸಿಗುವುದೇ ಅಪರೂಪ. ಸಿಕ್ಕಿದ್ದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಇಡೀ ಜೀವಮಾನದಲ್ಲಿ ನನಗೆ ಎದೆಯುಬ್ಬಿಸಿಕೊಂಡು ಹೇಳಲು ಸಿಕ್ಕಿದ್ದು ಒಂದೇ ಒಂದು ಪೀರಿಯಡ್ಡು. ಅದರಲ್ಲೂ ನಾನು ಬಾಯಿ ತೆರೆದದ್ದು ಕಡಿಮೆ. ಪೀರಿಯಡ್ಡು ಅಷ್ಟು ಚೆನ್ನಾಗಿ ನಡೆಯಲು ಅದೇ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯಿಂದ ಹೋದ ನಾನು ಚೆನ್ನೈನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದರೆ ಯಾವ ಭಾಷೆಯಲ್ಲೂ ಉತ್ತರ ಬರುತ್ತಿರಲಿಲ್ಲ. ನಮ್ಮ ವಿದ್ಯಾರ್ಥಿಗಳು ಕೆಟ್ಟವರಲ್ಲ. ಅವರಿಗೆ ಬೇಕಾಗಿದ್ದದ್ದು ನೋಟ್ಸ್, ಅಷ್ಟೆ. ನೋಟ್ಸ್ ಬರೆಸುವವರು ಲೆಕ್ಚರರ್, ಬರೆಸದವರು ಸುಮ್ಮನೆ ಮಾತಾಡುವವರು. ನಾನು ಎರಡನೆಯ ಪಂಗಡಕ್ಕೆ ಸೇರಿದವನು.

ನೋಟ್ಸ್ ಬರೆಸುವುದರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾದ ಮಾಧವರಾಯರನ್ನು ಮೀರಿಸುವವರೇ ಇರಲಿಲ್ಲ. ತಲೆಮಾರುಗಳ ಹಿಂದೆಯೇ ಚೆನ್ನೈಗೆ ಬಂದು ನೆಲೆಸಿದ ಕನ್ನಡದ ಮನೆತನ ಅವರದು. ಕಾಮಾ, ಫುಲ್‌ಸ್ಟಾಪ್ ಸಮೇತ ಒಂದೇ ಲಯದಲ್ಲಿ ಬರೆಸುತ್ತಿದ್ದರು. ಅವರ ತರಗತಿಗೂ ನನ್ನ ತರಗತಿಗೂ ನಡುವೆ ಇದ್ದದ್ದು ತೆಳುವಾದ ಗೋಡೆ. ನನ್ನ ಹಿಂದಿನ ಬೆಂಚಿನವರು ತಲೆ ಬಗ್ಗಿಸಿ ಏನನ್ನೋ ಶ್ರದ್ಧೆಯಿಂದ ಬರೆದುಕೊಳ್ಳುವುದನ್ನು ಕಂಡು, ನನ್ನ ಪಾಠ ಕೊನೆಗೂ ನಾಟಿತು ಎಂದು ಒಂದು ವಾರ ಹಿಗ್ಗಿದ್ದೆ. ಅವರು ಗೋಡೆಯಾಚೆಯ ರಾಯರ ನೋಟ್ಸ್ ಬರೆದುಕೊಳ್ಳುತ್ತಿದ್ದರು ಎಂದು ಆಮೇಲೆ ತಿಳಿಯಿತು.

ತಪ್ಪು ಪುಸ್ತಕಗಳದ್ದೂ ಇದೆ. ಅರ್ಥಶಾಸ್ತ್ರದ ಪುಸ್ತಕ ಬರೆಯುವವರಿಗೆ ಸೇಬಿನ ಮೇಲೆ ವಿಪರೀತ ಮೋಹ. ಮೊದಲನೆಯ ಸೇಬು ತಿಂದರೆ ಇಷ್ಟು ತೃಪ್ತಿ, ಎರಡನೆಯದಕ್ಕೆ ಅದಕ್ಕಿಂತ ಕಡಿಮೆ, ಮೂರನೆಯದಕ್ಕೆ ಇನ್ನೂ ಕಡಿಮೆ. ತಿರುವೊಟ್ಟಿಯೂರು, ಅಂಬತ್ತೂರಿನಂಥ ದುಡಿಯುವವರ ಬಡಾವಣೆಗಳಿಂದ ಬರುವ ನಮ್ಮ ಮಕ್ಕಳು ಸೇಬಿನ ಮುಖ ನೋಡುವುದು ಜ್ವರ ಬಂದಾಗ. ಬಾಯಿ ಕಹಿಯಾಗಿ ಮಲಗಿದವನಿಗೆ ಮೊದಲನೆಯ ಸೇಬಿನಲ್ಲೇ ತೃಪ್ತಿ ಇರುವುದಿಲ್ಲ. ಹಾಗಾದರೆ ಅವರಿಗೆ ನಿಜವಾಗಿ ಬೇಕಾದದ್ದು, ಆದರೆ ಎಲ್ಲರಿಗೂ ಸಾಲದಷ್ಟು ಇರುವುದು ಏನು ಎಂದು ಯೋಚಿಸುತ್ತಾ ತಲೆ ಮೇಲೆತ್ತಿದೆ. ಫ್ಯಾನು ಕಾಣಿಸಿತು.

ನಮ್ಮ ಕೋಣೆಯಲ್ಲಿ ಎರಡು ಫ್ಯಾನುಗಳಿದ್ದವು. ಒಂದು ತಿರುಗುತ್ತಿತ್ತು, ಇನ್ನೊಂದು ಸುಮ್ಮನೆ ನೇತಾಡುತ್ತಿತ್ತು. ದಾವಣಗೆರೆಯ ಬಿಸಿಲು ತಲೆ ಸುಡುತ್ತದೆ, ಆದರೆ ನೆರಳಿಗೆ ಬಂದರೆ ಬಿಟ್ಟುಬಿಡುತ್ತದೆ. ಚೆನ್ನೈನ ಸೆಖೆ ನೆರಳಿನೊಳಕ್ಕೂ ಹಿಂದೆಯೇ ಬರುತ್ತದೆ. ಫ್ಯಾನಿನ ಕೆಳಗಿನ ಬೆಂಚಿಗಾಗಿ ದಿನವೂ ಜಗಳ. ಈ ಬೆಂಚು ಯಾರಿಗೆ ಸೇರಬೇಕು ಎಂಬುದೇ ಈ ಟರ್ಮಿನ ಪಾಠ, ನೀವೇ ತೀರ್ಮಾನಿಸಿ ಎಂದೆ.

ಮೊದಲು ಬಂದವರಿಗೆ ಎಂದರು. ಕೆಲವರು ಬೆಳಗಿನ ಮೊದಲ ರೈಲಿಗೇ ಬರತೊಡಗಿದರು. ಅವರು ತಿಂಡಿ ಬಿಟ್ಟು, ನಿದ್ದೆ ಬಿಟ್ಟು ಗಾಳಿ ಸಂಪಾದಿಸಿ, ಆ ಗಾಳಿಗೆ ಅಲ್ಲೇ ತೂಕಡಿಸಿದರು. ಬೆಂಚಿಗೆ ಅವರು ತೆತ್ತದ್ದೇನು ಎಂದು ಒಂದು ವಾರ ಚರ್ಚೆ. ಆಮೇಲೆ ಸರದಿಯ ಪ್ರಕಾರ ವಾರಕ್ಕೊಂದು ಗುಂಪು ಎಂದಾಯಿತು. ಎರಡೇ ದಿನಕ್ಕೆ ಸರದಿಗಳ ಅದಲುಬದಲು ಶುರು. ಅಂಬತ್ತೂರಿನ ಅನ್ಬುವಿನ ತಾಯಿ ಮಾಡುವ ಪುಳಿಯೋದರೆ, ಅಂದರೆ ನಮ್ಮ ಪುಳಿಯೋಗರೆ, ಕಾಲೇಜಿಗೇ ಪ್ರಸಿದ್ಧ. ಅದರ ಡಬ್ಬಿ ತೋರಿಸಿ ಅವನು ಒಬ್ಬೊಬ್ಬರ ಸರದಿಯನ್ನೇ ಕೊಂಡುಕೊಂಡ. ನಾನು ಅದಲುಬದಲನ್ನು ನಿಷೇಧಿಸಿದೆ. ಮಾರನೆಯ ದಿನ ಅವನಿಗೂ ಅವನ ಗೆಳೆಯರಿಗೂ ಒಟ್ಟಿಗೆ ತಲೆಸುತ್ತು. ಡಾಕ್ಟರು ಗಾಳಿಯಲ್ಲೇ ಕೂರಬೇಕೆಂದು ಹೇಳಿದ್ದಾರಂತೆ. ಪುಳಿಯೋದರೆ ತಿಂದವರು ಕನಿಕರದಿಂದ ಜಾಗ ಬಿಟ್ಟುಕೊಟ್ಟರು. ಕಾಳಸಂತೆ ಎಂದರೇನು ಎಂದು ನಾನು ವಿವರಿಸಬೇಕಾದ ಪ್ರಮೇಯವೇ ಬರಲಿಲ್ಲ. ನಿಷೇಧ ತೆಗೆದೆ; ಅಷ್ಟರಲ್ಲಿ ಪರೀಕ್ಷೆಯವರೆಗಿನ ಫ್ಯಾನು ಪೂರ್ತಿ ಅನ್ಬುವಿನ ಗುಂಪಿನ ಕೈ ಸೇರಿತ್ತು.

ಸದ್ದು ಗೋಡೆ ದಾಟುವುದು ಒಂದೇ ಕಡೆಯಿಂದಲ್ಲವಲ್ಲ. ಮಾಧವರಾಯರು ಸ್ಟಾಫ್ ರೂಮಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಶುರು ಮಾಡಿದರು.

"ಏನ್ ಸ್ವಾಮಿ, ಕ್ಲಾಸ್ ಎಡುಕ್ತೀರೋ ಸಂತೆ ನಡೆಸ್ತೀರೋ? ನಿಮ್ಮ ಕ್ಲಾಸ್ ಪಸಂಗ ಬಂದು ಕಂಪ್ಲೇಂಟ್ ಮಾಡಿದ್ದಾರೆ, ನೋಟ್ಸೇ ಇಲ್ಲ ಅಂತ. ನಾಳೆ ಬಂದು ಕೂತು ನೋಡ್ತೀನಿ. ಸರಿ ಬರಲಿಲ್ಲಾಂದ್ರೆ ಆ ಕ್ಲಾಸ್ ನಾನೇ ತಗೋತೀನಿ, ನೀವು ಸ್ಪೋರ್ಟ್ಸ್ ಡೇ ನೋಡ್ಕೊಳ್ಳಿ. ತಪ್ಪಾ ತಿಳ್ಕೋಬೇಡಿ."

ನಾನು ತಪ್ಪು ತಿಳಿದುಕೊಳ್ಳಲಿಲ್ಲ, ಹೆದರಿಕೊಂಡೆ. ನನಗೆ ಬರುವುದು ಆ ಒಂದೇ ಬಗೆಯ ಪಾಠ. ಅದನ್ನು ಕಿತ್ತುಕೊಂಡರೆ ಓಟದ ಪಂದ್ಯಕ್ಕೆ ಸುಣ್ಣದ ಗೆರೆ ಎಳೆಸುತ್ತಾ ನಿವೃತ್ತನಾಗಬೇಕಿತ್ತು. ಆ ಸಂಜೆ ಸಪ್ಪಗೆ ಕೂತಿದ್ದವನಿಗೆ ಹೆಂಡತಿ, "ಒಂದು ದಿನದ ಮಟ್ಟಿಗಾದರೂ ನೋಟ್ಸ್ ಬರೆಸಿಬಿಡ್ರಿ" ಎಂದಳು. ಪ್ರಯತ್ನಪಟ್ಟು ಕನ್ನಡಿಯ ಮುಂದೆ ನಿಂತು ಬರೆಸಿ ನೋಡಿದೆ. ನನಗೇ ಆಕಳಿಕೆ ಬಂತು.

ಮರುದಿನ ರಾಯರು ಬಂದು ಗಾಳಿಯಿಲ್ಲದ ಕಡೆ, ಹಿಂದಿನ ಮೂಲೆಯ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ತಿರುವೊಟ್ಟಿಯೂರಿನ ಸೆಲ್ವಿ, ಹಾಜರಿ ಕರೆದಾಗ ಬಿಟ್ಟರೆ ಇಡೀ ವರ್ಷ ಬಾಯಿ ತೆರೆಯದ ಹುಡುಗಿ. ಮುಂದಿನ ಮಾತೆಲ್ಲ ತಮಿಳಿನಲ್ಲೇ ನಡೆದದ್ದು. ನಾನು ಕನ್ನಡಕ್ಕೆ ತರುವಾಗ ಉಪ್ಪುಖಾರ ಕಡಿಮೆಯಾಗಿದ್ದರೆ ಕ್ಷಮಿಸಬೇಕು.

"ಈಕ್ವಿಲಿಬ್ರಿಯಂ ಅಂದರೆ ಏನು? ಡೆಫನಿಷನ್ ಹೇಳಿ" ಎಂದು ರಾಯರು ಕೇಳಿದರು. ಯಾರೂ ಹೇಳಲಿಲ್ಲ. ಇನ್ನೊಂದು ಕೇಳಿದರು. ಅದಕ್ಕೂ ಇಲ್ಲ. ಸುಣ್ಣದ ಗೆರೆಗಳು ನನ್ನ ಕಣ್ಣ ಮುಂದೆ ಬಂದವು. ರಾಯರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು, "ಇರಲಿ, ಮೊದಲು ಆ ಕೆಟ್ಟ ಫ್ಯಾನು ರಿಪೇರಿ ಮಾಡಿಸ್ತೀನಿ, ಇವತ್ತೇ ಹೇಳ್ತೀನಿ" ಎಂದರು.

ಅನ್ಬು ತಟ್ಟನೆ ಎದ್ದು ನಿಂತ. "ಬೇಡ ಸಾರ್. ಎರಡೂ ಓಡಿದರೆ ಶಬ್ದ ಜಾಸ್ತಿ, ಪಾಠ ಕೇಳಿಸಲ್ಲ."

ಅವನ ಪಕ್ಕದವನೂ ಎದ್ದ. "ಕರೆಂಟ್ ಬಿಲ್ ಬೇರೆ ಬರುತ್ತೆ ಸಾರ್. ಕಾಲೇಜಿಗೆ ಯಾಕೆ ತೊಂದರೆ?"

ರಾಯರ ಮುಖ ಅರಳಿತು. ಕಾಲೇಜಿನ ಹಿತ ಚಿಂತಿಸುವ ವಿದ್ಯಾರ್ಥಿಗಳನ್ನು ಅವರು ಮೊದಲ ಬಾರಿಗೆ ನೋಡುತ್ತಿದ್ದರೆಂದು ಕಾಣುತ್ತದೆ. ಆಗ ಅವರ ಪಕ್ಕದಿಂದ ಸಣ್ಣ ಧ್ವನಿ ಬಂತು.

"ನಂಬಬೇಡಿ ಸಾರ್," ಎಂದಳು ಸೆಲ್ವಿ. "ಪರೀಕ್ಷೆವರೆಗೂ ಫ್ಯಾನು ಅವರದು. ಇನ್ನೊಂದು ಓಡಿದರೆ ಅವರು ಕೊಟ್ಟ ಪುಳಿಯೋದರೆ ಎಲ್ಲಾ ದಂಡ. ನಷ್ಟ ಕಾಲೇಜಿಗಲ್ಲ, ಅವರಿಗೆ."

ರಾಯರು ಅನ್ಬುವನ್ನು ನೋಡಿದರು. ಅನ್ಬು ಫ್ಯಾನು ನೋಡಿದ. "ಹಾಗಾದರೆ ರಿಪೇರಿ ಬೇಕು ಅನ್ನೋರು ಯಾರು?" ಎಂದರು. ಸುತ್ತಲೂ ಒಂದೊಂದಾಗಿ ಕೈಗಳು ಎದ್ದವು, ಬೆಂಚು ಬೆಂಚೇ ಎದ್ದಂತೆ. "ಇಷ್ಟು ಜನ ಇದ್ದೀರಿ. ಇಡೀ ವರ್ಷ ಒಬ್ಬರೂ ಬಂದು ಕೇಳಲಿಲ್ಲವಲ್ಲ, ಯಾಕೆ?"

ನಿಜ ಹೇಳಬೇಕೆಂದರೆ ಅದು ನನಗೂ ತಿಳಿದಿರಲಿಲ್ಲ. ಉತ್ತರ ಬಂದದ್ದು ಸೆಲ್ವಿಯಿಂದ.

"ನಮಗೆ ಒಬ್ಬೊಬ್ಬರಿಗೆ ಸ್ವಲ್ಪ ಸ್ವಲ್ಪ ಸೆಖೆ ಸಾರ್. ಅದಕ್ಕೆ ಯಾರು ಆಫೀಸಿಗೆ ಅಲೀತಾರೆ? ಅವರಿಗೆ ಇಡೀ ಫ್ಯಾನು. ಅವರು ಎದ್ದು ನಿಂತು ಮಾತಾಡ್ತಾರೆ."

ದೇಶದ ಎಷ್ಟೋ ಕೆಟ್ಟ ಕಾನೂನುಗಳು ಯಾಕೆ ಬದಲಾಗುವುದಿಲ್ಲ, ಕೆಲವೇ ಮಂದಿಯ ಲಾಭದ ಎದುರು ಕೋಟಿ ಜನರ ಚೂರುಪಾರು ನಷ್ಟ ಯಾಕೆ ಸೋಲುತ್ತದೆ ಎಂದು ವಿದ್ವಾಂಸರು ಅಧ್ಯಾಯಗಟ್ಟಲೆ ಬರೆದಿದ್ದಾರೆ. ಅದು ನಮ್ಮ ಸಿಲೆಬಸ್ಸಿನಲ್ಲಿ ಇರಲಿಲ್ಲ. ನಾನು ಹೇಳಿಕೊಟ್ಟಿರಲಿಲ್ಲ, ಗೋಡೆಯಾಚೆಯಿಂದಲೂ ಬಂದಿರಲಿಲ್ಲ.

"ಇದನ್ನು ಯಾರಮ್ಮ ಹೇಳಿಕೊಟ್ಟರು?" ಎಂದು ರಾಯರು ಮೆಲ್ಲಗೆ ಕೇಳಿದರು.

"ಯಾರೂ ಇಲ್ಲ ಸಾರ್. ಈ ಮೂಲೇಲಿ ಕೂತಿದೀನಲ್ಲ."

ರಾಯರು ಎದ್ದರು. ನಡೆದುಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ಮುಗಿಯಿತು ಎಂದುಕೊಂಡು ನಾನು ವೇದಿಕೆಯಿಂದ ಇಳಿದೆ. ಅವರು ಬೋರ್ಡಿನ ಮೇಲೆ ಫ್ಯಾನಿನ ಚಿತ್ರ ಬರೆದರು, ಅದು ಹೆಚ್ಚುಕಡಿಮೆ ಜಿರಲೆಯಂತಿತ್ತು. "ಅನ್ಬು, ಈಗ ನೀನೇ ಮಂತ್ರಿ ಅಂತ ಇಟ್ಕೋ" ಎಂದು ಶುರು ಮಾಡಿದರು. ಮಾತಿನ ನಡುವೆ ಕಾಮಾ ಇರಲಿಲ್ಲ, ಫುಲ್‌ಸ್ಟಾಪಂತೂ ಇರಲೇ ಇಲ್ಲ. ಅನ್ಬು ವಾದಿಸಿದ, ಸೆಲ್ವಿ ಅವನನ್ನು ಕೂರಿಸಿದಳು, ಹಿಂದಿನ ಬೆಂಚಿನವರು ಪೆನ್ನು ಕೆಳಗಿಟ್ಟು ಕೈಯೆತ್ತಿದರು. ವರ್ಷಾನುಗಟ್ಟಲೆ ಬರೆಸಿ ಬರೆಸಿ ಒಳಗೇ ಉಳಿದುಹೋಗಿದ್ದ ಮೇಷ್ಟರೊಬ್ಬರು ನಮ್ಮೆಲ್ಲರ ಎದುರು ಹೊರಗೆ ಬಂದಿದ್ದರು. ನನ್ನ ಕ್ಲಾಸನ್ನು ಕಿತ್ತುಕೊಳ್ಳುತ್ತೇನೆ ಎಂದು ಬಂದವರು ಕೊನೆಗೂ ಕಿತ್ತುಕೊಂಡೇಬಿಟ್ಟರು. ನಾನು ಅವರು ಬಿಟ್ಟೆದ್ದ ಮೂಲೆಯ ಜಾಗದಲ್ಲಿ ಕೂತು, ಅಂಗಿ ಒದ್ದೆಯಾಗುವಷ್ಟು ಬೆವರುತ್ತಾ ಕೇಳಿದೆ. ಅಷ್ಟೊಂದು ಸಂತೋಷದಿಂದ ಹಿಂದೆಂದೂ ಯಾವ ಪಾಠವನ್ನೂ ಕೇಳಿರಲಿಲ್ಲ.

ಗಂಟೆ ಹೊಡೆಯಿತು. ಮುಂದಿನ ಪೀರಿಯಡ್ಡಿನವರು ಬಾಗಿಲಲ್ಲಿ ಬಂದು ನಿಂತರು. ಯಾರೂ ಏಳಲಿಲ್ಲ. ರಾಯರು ಕೈಗಂಟಿದ ಸುಣ್ಣ ಕೊಡವಿಕೊಳ್ಳುತ್ತಾ ಮೂಲೆಯಲ್ಲಿದ್ದ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ವಿದ್ಯಾರ್ಥಿಯ ಸಂಕೋಚದಲ್ಲಿ ಕೇಳಿದರು:

"ಸ್ವಾಮಿ, ನಾಳೆ ನಿಮ್ಮ ಕ್ಲಾಸಿಗೆ ನಾನು ಬರಬಹುದಾ?"